ಗುರುವಾರದ ಇಂಗ್ಲಿಷ್

ಕೆಂಪಮ್ಮನವರು ಮದ್ದೂರು ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಕಾಗುಣಿತ ಕಲಿಸಿದವರು. ಬರೆದ ಅಕ್ಷರವನ್ನು ಓದಬೇಕು, ಓದದ ಅಕ್ಷರವನ್ನು ಬರೆಯಬಾರದು ಎಂಬುದು ಅವರ ಪಾಲಿಗೆ ಪಾಠ ಮಾತ್ರವಲ್ಲ, ನಡತೆಯ ಮಾತು. ತೊಳೆದ ಪಾತ್ರೆಯನ್ನು ಬೋರಲು ಹಾಕಬೇಕು, ಹಿರಿಯರು ಬಂದರೆ ಎದ್ದು ನಿಲ್ಲಬೇಕು ಎನ್ನುವ ಸಾಲಿನಲ್ಲೇ ಅದೂ ಇತ್ತು. ಇಂಥವರು ನಿವೃತ್ತಿಯಾಗಿ, ಗಂಡ ತೀರಿಕೊಂಡ ಮೇಲೆ, ಅರವತ್ತಮೂರನೇ ವಯಸ್ಸಿನಲ್ಲಿ ಪರ್ತ್‌ನ ಕ್ಯಾನಿಂಗ್ಟನ್‌ನಲ್ಲಿದ್ದ ಮಗ ಶ್ರೇಯಸನ ಮನೆಗೆ ಬಂದರು. ಬಂದ ತಿಂಗಳಲ್ಲೇ ಅವರಿಗೂ ಇಂಗ್ಲಿಷಿಗೂ ಜಗಳ ಹತ್ತಿಕೊಂಡಿತು.

ಮೊದಲ ಸುತ್ತು ನಡೆದದ್ದು ಶಾಪಿಂಗ್ ಸೆಂಟರಿನಲ್ಲಿ. ಕುಂಬಳಕಾಯಿ ಹೆಚ್ಚಲು ಮನೆಯಲ್ಲಿ ಒಂದು ನೆಟ್ಟಗಿನ ಚಾಕು ಇರಲಿಲ್ಲ. ಕೆಂಪಮ್ಮನವರು ಅಂಗಡಿಯವಳ ಮುಂದೆ ನಿಂತು, ಡಬ್ಬದ ಮೇಲಿದ್ದ ಅಕ್ಷರಗಳನ್ನು ಒಂದೂ ಬಿಡದೆ ಓದಿ, "ಒನ್ ಬಿಗ್ ಕ್ನೈಫ್" ಎಂದು ಕೇಳಿದರು.

"ಸಾರಿ, ಲವ್?" ಎಂದಳು ಅಂಗಡಿಯವಳು.

"ಕ್ನೈಫ್. ಕ್‌... ನೈಫ್."

ಪಕ್ಕದಲ್ಲಿದ್ದ ಮೊಮ್ಮಗಳು ಪ್ರೇರಣಾ ಕಿವಿಯವರೆಗೂ ಕೆಂಪಾದಳು. ಅವಳಿಗೆ ಹದಿಮೂರು. ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಅಜ್ಜಿ, ಇಟ್ಸ್ ನೈಫ್! ದ ಕೆ ಈಸ್ ಸೈಲೆಂಟ್."

"ಬಾಯಿ ಮುಚ್ಕೊಂಡಿರೋದಾದ್ರೆ ಅಲ್ಲಿ ಯಾಕೆ ನಿಂತಿದೆ ಅದು? ಸಂಬಳ ತಗೊಂಡು ಪಾಠ ಮಾಡದ ಮೇಷ್ಟ್ರ ಥರ!"

ಎರಡನೇ ಸುತ್ತು ಪ್ರೇರಣಾಳ ಶಾಲೆಯ ಗೇಟಿನ ಬಳಿ. ಅಲ್ಲಿ ಕೆಂಪಮ್ಮನವರು ಅವಳ ಟೀಚರಿಗೆ "ಐ ಕಮ್ ಎವೆರಿ ವೆಡ್‌ನೆಸ್‌ಡೇ" ಎಂದರು. ಟೀಚರು ನಗಲಿಲ್ಲ. ನಕ್ಕದ್ದು ಹಿಂದೆ ನಿಂತಿದ್ದ ಮೂರು ಹುಡುಗಿಯರು. ಅಂದು ಮನೆಗೆ ನಡೆದು ಬರುವಾಗ ಪ್ರೇರಣಾ ತಲೆ ಬಗ್ಗಿಸಿಕೊಂಡು, ಮೆಲ್ಲಗೆ, "ಅಜ್ಜಿ, ಅಟ್ ಸ್ಕೂಲ್... ಕುಡ್ ಯು ಜಸ್ಟ್ ಸ್ಮೈಲ್?" ಎಂದಳು. ಒರಟಾಗಿ ಹೇಳಿದ್ದರೆ ಕೆಂಪಮ್ಮನವರು ಗದರಿ ಸುಮ್ಮನಾಗುತ್ತಿದ್ದರೇನೋ. ಅಷ್ಟು ಮೆಲ್ಲಗೆ ಹೇಳಿದ್ದಕ್ಕೇ ಚುಚ್ಚಿತು. ಆವತ್ತು ಅವರಿಗೆ ಅರ್ಧ ಮುದ್ದೆಯೂ ಇಳಿಯಲಿಲ್ಲ.

ಮರುವಾರ ಲೈಬ್ರರಿಯ ಬಾಗಿಲಲ್ಲಿ ಅವರ ಕಣ್ಣಿಗೆ ಒಂದು ಚೀಟಿ ಬಿತ್ತು. ಓಲ್ಡ್ ಇಂಗ್ಲಿಷ್, ಹೊಸಬರಿಗೆ, ಪ್ರತಿ ಗುರುವಾರ ಬೆಳಿಗ್ಗೆ ಹತ್ತಕ್ಕೆ, ಉಚಿತ. ಕೆಂಪಮ್ಮನವರು ಅದನ್ನು ಎರಡು ಸಲ ಓದಿದರು. ವಯಸ್ಸಾದವರಿಗೆಂದೇ ಬೇರೆ ಇಂಗ್ಲಿಷ್ ತರಗತಿ! ಎಂಥ ತಿಳಿವಳಿಕೆಯ ದೇಶ ಎಂದುಕೊಂಡರು.

ಸಂಜೆ ಶ್ರೇಯಸ ಆಫೀಸಿನ ಕಾಲ್ ಒಂದರಲ್ಲಿದ್ದುಕೊಂಡೇ ಫೋನಿನಲ್ಲಿ ಆ ಪುಟ ತೆರೆದ. ಅವನು ರೈಲು ಸಿಗ್ನಲ್‌ಗಳ ಎಂಜಿನಿಯರು. ಸಿಗ್ನಲ್ ಬಿಟ್ಟು ಬೇರೇನನ್ನೂ ಪೂರ್ತಿ ಓದುವ ಅಭ್ಯಾಸವಿಲ್ಲ. "ಹೌದಮ್ಮ, ಸೀನಿಯರ್ಸ್‌ಗೇ ಇರ್ಬೇಕು. ನಿನ್ನ ಹೆಸರು ಹಾಕ್ಬಿಟ್ಟೆ" ಎಂದ.

ಗುರುವಾರ ಹೋಗಿ ನೋಡಿದರೆ ಕೋಣೆಯಲ್ಲಿದ್ದವರೆಲ್ಲ ನಿಜಕ್ಕೂ ಮುದುಕರೇ. ಕೆಂಪಮ್ಮನವರಿಗೆ ಸಮಾಧಾನವಾಯಿತು. ಆದರೆ ಒಬ್ಬರೂ ವಲಸೆ ಬಂದವರ ಹಾಗೆ ಕಾಣಲಿಲ್ಲ. ಪಕ್ಕದಲ್ಲಿ ಕೂತಿದ್ದ ಗ್ಲೆನಿಸ್ ಎಂಬ ನಿವೃತ್ತ ನರ್ಸ್ ಹುಟ್ಟಿದ್ದೇ ಪರ್ತ್‌ನಲ್ಲಂತೆ. ಎದುರಿಗೆ ಬ್ಯಾರಿ ಎಂಬ ಗಡ್ಡದ ದಢೂತಿ, ಮೊದಲು ಲಾರಿ ಓಡಿಸುತ್ತಿದ್ದವನು, ಮರದ ದೊಡ್ಡ ದುಂಡು ಹಲಗೆಯೊಂದನ್ನು ಗೋಡೆಗೆ ಒರಗಿಸಿಕೊಂಡು ಕೂತಿದ್ದ. ಕೊಪ್ಪರಿಗೆಯ ಮುಚ್ಚಳ ಇರಬೇಕು, ರಿಪೇರಿಗೆ ಕೊಂಡೊಯ್ಯುತ್ತಿದ್ದಾನೆ ಎಂದುಕೊಂಡರು ಕೆಂಪಮ್ಮನವರು. ಅದು ಗುರಾಣಿ ಎಂದು ತಿಳಿದದ್ದು ಆಮೇಲೆ.

ಪಾಠ ಮಾಡುವವರು ಡೆಸ್ಮಂಡ್ ಎಂಬ ಸಣಕಲು ಮನುಷ್ಯ. ಬೋರ್ಡಿನ ಮೇಲೆ ಒಂದು ಪದ ಬರೆದು, ಓದಿ ಎಂದರು. ಸಿ, ಎನ್, ಐ, ಎಚ್, ಟಿ. ಗ್ಲೆನಿಸ್ "ನೈಟ್" ಎಂದಳು. ಬ್ಯಾರಿ "ನಿಟ್" ಎಂದ. ಡೆಸ್ಮಂಡ್ ಕೆಂಪಮ್ಮನವರ ಕಡೆ ನೋಡಿದರು. ಅವರು ಎದ್ದು ನಿಂತು, ಕೈಕಟ್ಟಿ, ಇದ್ದದ್ದನ್ನು ಇದ್ದ ಹಾಗೆ ಓದಿದರು: "ಕ್ನಿಹ್ಟ್."

ಡೆಸ್ಮಂಡ್ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. "ಮತ್ತೊಂದು ಸಲ ಹೇಳ್ತೀರಾ?"

ಸತ್ತೆ ಎಂದುಕೊಂಡು ಕೆಂಪಮ್ಮನವರು ಮತ್ತೆ ಹೇಳಿದರು. ಡೆಸ್ಮಂಡ್ ಅವಸರದಲ್ಲಿ ಇನ್ನೆರಡು ಪದ ಬರೆದರು. ಹ್ಲಾಫ್ ಎಂದರೆ ರೊಟ್ಟಿ, ಹ್ನುಟು ಎಂದರೆ ಬೀಜ. ಉಳಿದವರು ಗಂಟಲು ಕೆರೆದುಕೊಂಡು ತಿಣುಕಿದರು. ಪ್ರಹ್ಲಾದ ಎನ್ನುವ ಬಾಯಿಗೆ ಹ್ಲಾಫ್ ಏನು ಕಷ್ಟ? ಚಿಹ್ನೆ ಎನ್ನುವ ಬಾಯಿಗೆ ಹ್ನುಟು ಏನು ಮಹಾ? ಕೆಂಪಮ್ಮನವರು ನೀರು ಕುಡಿದಂತೆ ಓದಿ ಮುಗಿಸಿದರು. ಗ್ಲೆನಿಸ್ ಚಪ್ಪಾಳೆ ತಟ್ಟಿದಳು.

"ಈ ಭಾಷೆಯಲ್ಲಿ ಬರೆದ ಅಕ್ಷರವನ್ನೆಲ್ಲ ಉಚ್ಚರಿಸಬೇಕು. ಯಾವುದೂ ಸುಮ್ಮನಿರುವುದಿಲ್ಲ," ಎಂದರು ಡೆಸ್ಮಂಡ್. "ನೈಫ್ ಎನ್ನುವುದು ಇಲ್ಲಿ ಕ್ನೀಫ್. ವೆನ್ಸ್‌ಡೇ ಎನ್ನುವುದರಲ್ಲಿ ಡಿ ಗಟ್ಟಿಯಾಗಿ ಕೇಳಬೇಕು."

ಕೆಂಪಮ್ಮನವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಚಹಾದ ಬಿಡುವಿನಲ್ಲಿ ತಮ್ಮ ಇಂಗ್ಲಿಷನ್ನೆಲ್ಲ ಒಟ್ಟು ಮಾಡಿಕೊಂಡು ಡೆಸ್ಮಂಡ್ ಬಳಿ ಹೋದರು. "ಸರ್, ದಿಸ್ ಇಂಗ್ಲಿಷ್, ವೇರ್ ಪೀಪಲ್ ಸ್ಪೀಕಿಂಗ್?"

"ಇಂಗ್ಲೆಂಡಿನಲ್ಲಿ. ಸಾವಿರ ವರ್ಷದ ಹಿಂದೆ."

"ನೌ?"

ಡೆಸ್ಮಂಡ್ ಯೋಚಿಸಿದರು. "ಈಗ ಇಲ್ಲಿ. ಗುರುವಾರ ಮಾತ್ರ."

ಆಗ ಅವರಿಗೆ ಹೊಳೆಯಿತು. ಇದು ಮುದುಕರ ಇಂಗ್ಲಿಷಲ್ಲ, ಮುದಿ ಇಂಗ್ಲಿಷ್! ನಮ್ಮಲ್ಲಿ ಹಳಗನ್ನಡ ಇದ್ದ ಹಾಗೆ. ಮೈಯೆಲ್ಲ ಹಿಡಿಯಷ್ಟಾಯಿತು. ಕೈಚೀಲ ತೆಗೆದುಕೊಂಡು ಹೊರಟೇಬಿಡುವವರಿದ್ದರು. ಆದರೂ ಒಂದು ಮಾತು ಕೇಳದೆ ಇರಲಾಗಲಿಲ್ಲ. "ಸರ್, ಐ ಸೆಡ್ ಕ್ನೈಫ್ ಇನ್ ಶಾಪ್. ನಾಟ್ ರಾಂಗ್?"

"ತಪ್ಪೇನಿಲ್ಲಮ್ಮ," ಎಂದರು ಡೆಸ್ಮಂಡ್, ಗಂಭೀರವಾಗಿ. "ನೀವು ಅಂಗಡಿಗೆ ಹೋದದ್ದು ಸ್ವಲ್ಪ ತಡವಾಯಿತು, ಅಷ್ಟೆ."

ಕೆಂಪಮ್ಮನವರು ಚೀಲವನ್ನು ಮತ್ತೆ ಕುರ್ಚಿಯ ಮೇಲಿಟ್ಟರು.

ಸಂಜೆ ಶ್ರೇಯಸ, "ಹೇಗಿತ್ತಮ್ಮ? ಚೆನ್ನಾಗಿ ಕಲಿಸ್ತಾರಾ?" ಎಂದ.

"ಬಹಳ ಚೆನ್ನಾಗಿ ಕಲಿಸ್ತಾರಪ್ಪ" ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಹೀಗೆ ಮೂರು ತಿಂಗಳು ಕಳೆಯಿತು. ಮನೆಯವರು ಅಮ್ಮ ಇಂಗ್ಲಿಷ್ ಕಲಿಯುತ್ತಿದ್ದಾರೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದರು. ಅಮ್ಮ ಅತ್ತ ಆಂಗ್ಲೋ-ಸ್ಯಾಕ್ಸನ್ನರ ಬೆನ್ನು ಹತ್ತಿದ್ದರು. ಈ ಸ್ಯಾಕ್ಸನ್ನರೂ ಇಂಗ್ಲೆಂಡಿನ ಮೂಲದವರಲ್ಲ, ಸಮುದ್ರ ದಾಟಿ ದೋಣಿಯಲ್ಲಿ ಬಂದವರು ಎಂದು ತಿಳಿದಾಗ ಅವರಿಗೆ ಇನ್ನಷ್ಟು ಪ್ರೀತಿ ಬಂತು. "ವೀಸಾ?" ಎಂದು ಕೇಳಿದರು. ಇರಲಿಲ್ಲವಂತೆ. ವಿಭಕ್ತಿಯ ಪಾಠ ಬಂದ ದಿನ ಇಡೀ ತರಗತಿ ತಲೆಯ ಮೇಲೆ ಕೈ ಹೊತ್ತಿತು. ರೊಟ್ಟಿಯು, ರೊಟ್ಟಿಯನ್ನು, ರೊಟ್ಟಿಯ, ರೊಟ್ಟಿಗೆ. ಪದದ ಬಾಲ ಬದಲಾಗುತ್ತ ಹೋಗುವುದು ಬ್ಯಾರಿಗೆ ದೊಡ್ಡ ಅನ್ಯಾಯವಾಗಿ ಕಂಡಿತು. ಕೆಂಪಮ್ಮನವರು ಬೋರ್ಡಿನ ಬಳಿ ಹೋಗಿ ಒಂದು ಪಟ್ಟಿ ಹಾಕಿ, ಮೂರನೇ ತರಗತಿಯ ಮಕ್ಕಳಿಂದ ಹೇಳಿಸುವಂತೆ ಎಲ್ಲರಿಂದ ಹೇಳಿಸಿದರು. ಬ್ಯಾರಿ ತಪ್ಪಿದಾಗ ಅವರ ಕೈ ಅಭ್ಯಾಸಬಲದಿಂದ ಅವನ ಕಿವಿಯ ತನಕ ಹೋಗಿ ಹಿಂದೆ ಬಂತು.

ಹಳೆಯ ಇಂಗ್ಲಿಷಿನಲ್ಲಿ 'ಲೇಡಿ' ಎಂದರೆ ರೊಟ್ಟಿಯ ಹಿಟ್ಟು ನಾದುವವಳು, 'ಲಾರ್ಡ್' ಎಂದರೆ ರೊಟ್ಟಿ ಕಾಯುವವನು ಎಂದು ಕಲಿತ ದಿನ ಅವರು ಸೊಸೆ ಸೌಜನ್ಯಳ ಹತ್ತಿರ ಬಾಯಿ ಬಿಟ್ಟೇಬಿಟ್ಟರು. "ನಾದೋಳು ಲೇಡಿ, ಕಾಯ್ಕೊಂಡು ಕೂರೋನು ಲಾರ್ಡ್ ಕಣಮ್ಮ."

ಸೌಜನ್ಯ ಚಪಾತಿ ಹಿಟ್ಟು ಕಲಸುತ್ತಿದ್ದಳು. ಸೋಫಾದ ಮೇಲೆ ಊಟಕ್ಕೆ ಕಾಯುತ್ತಿದ್ದ ಗಂಡನನ್ನು ಒಮ್ಮೆ ನೋಡಿ, "ಕರೆಕ್ಟಾಗೇ ಇದೆ ಅತ್ತೆ" ಎಂದಳು. ಅದು ಯಾವ ಇಂಗ್ಲಿಷು ಎಂದು ಮಾತ್ರ ಕೇಳಲಿಲ್ಲ.

ಮೇ ತಿಂಗಳಿನಲ್ಲಿ ತರಗತಿಯವರು ಒಂದು ಔತಣ ಇಟ್ಟುಕೊಂಡರು. ಜಾಗ ಸ್ವಾನ್ ವ್ಯಾಲಿಯಲ್ಲಿ, ದ್ರಾಕ್ಷಿ ತೋಟವೊಂದರ ಹಿಂದಿನ ಬಯಲು. ಬಸ್ಸಿನಲ್ಲಿ ಹೋಗುವ ಜಾಗವಲ್ಲ. ಹೀಗಾಗಿ ಶ್ರೇಯಸ, "ಕ್ಲಾಸ್ ಪಿಕ್‌ನಿಕ್ಕಾ? ಎಲ್ರೂ ಹೋಗೋಣ ಬಿಡಮ್ಮ, ನಿಮ್ ಟೀಚರಿಗೂ ಥ್ಯಾಂಕ್ಸ್ ಹೇಳ್ದಂಗಾಗುತ್ತೆ" ಎಂದ. ಕೆಂಪಮ್ಮನವರು ಬೇಡವೆನ್ನಲು ನಾಲ್ಕು ಕಾರಣ ಹುಡುಕಿದರು. ನಾಲ್ಕೂ ಸಾಲಲಿಲ್ಲ.

ಶನಿವಾರ ಮಧ್ಯಾಹ್ನ ಕಾರು ತೋಟದ ಗೇಟು ದಾಟಿ ನಿಂತಿತು. ಎದುರಿಗೆ ಕಬ್ಬಿಣದ ಬಳೆಗಳ ಅಂಗಿ ತೊಟ್ಟು, ಈಟಿ ಹಿಡಿದು, ಬ್ಯಾರಿ ನಿಂತಿದ್ದ. ಅವನ ಹಿಂದೆ ನಿಲುವಂಗಿ ತೊಟ್ಟ ಇಪ್ಪತ್ತು ಮೂವತ್ತು ಜನ. ನಡುವೆ ಹೊಗೆಯಾಡುವ ಒಂದು ಕೊಪ್ಪರಿಗೆ.

ಶ್ರೇಯಸ ಸ್ಟೀರಿಂಗ್ ಬಿಡಲಿಲ್ಲ. "ಅಮ್ಮ... ಯಾರಿವ್ರು?"

"ನನ್ನ ಕ್ಲಾಸ್‌ಮೇಟು."

ಕೆಂಪಮ್ಮನವರು ಇಳಿದರು. ರೇಷ್ಮೆ ಸೀರೆಯ ಸೆರಗಿಗೆ ಗ್ಲೆನಿಸ್ ಕೊಟ್ಟಿದ್ದ ಹಿತ್ತಾಳೆಯ ದುಂಡು ಪಿನ್ನು ಸಿಕ್ಕಿಸಿಕೊಂಡು, ಎದೆ ಸೆಟೆಸಿ, "ವೆಸಥ್ ಹಾಲೆ!" ಎಂದು ಕೂಗಿದರು. ಎಲ್ಲರೂ ಕ್ಷೇಮವಾಗಿರಿ ಎಂದರ್ಥ.

"ವೆಸ್ ಹಾಲ್, ಕೆಂಪಮ್ಮಾ!" ಎಂದು ಬಯಲು ಗುಡುಗಿತು. ತೋಟದ ಕಾಗೆಗಳೆಲ್ಲ ಎದ್ದವು.

ಪ್ರೇರಣಾ ಕಾರಿನ ಕಿಟಕಿಗೆ ಮುಖ ಒತ್ತಿಕೊಂಡು, "ಓ ಮೈ ಗಾಡ್. ಅಜ್ಜಿ ಈಸ್ ಎ ವೈಕಿಂಗ್" ಎಂದಳು.

"ವೈಕಿಂಗ್ ಅಲ್ಲ, ಅವರು ನಮ್ಮ ಶತ್ರುಗಳು" ಎಂದು ಕೆಂಪಮ್ಮನವರು ತಿರುಗಿ ನೋಡದೆ ಹೇಳಿದರು.

ಸೌಜನ್ಯ ಬರಿಗೈಯಲ್ಲಿ ಬಂದಿರಲಿಲ್ಲ. ಆಲೂಗಡ್ಡೆ ಬೋಂಡ ಒಂದು ಡಬ್ಬ, ಟೊಮೆಟೊ ಸಾಸ್ ಒಂದು ಬಾಟಲಿ. ಬ್ಯಾರಿ ಈಟಿ ಅಡ್ಡ ಹಿಡಿದ. ಸ್ಯಾಕ್ಸನ್ನರ ಆಳ್ವಿಕೆ ಮುಗಿದ ಸಾವಿರದ ಅರವತ್ತಾರನೇ ಇಸವಿಗೆ ಮೊದಲು ಇಂಗ್ಲೆಂಡಿನಲ್ಲಿ ಇಲ್ಲದ ಯಾವ ಪದಾರ್ಥವೂ ಈ ಗೆರೆ ದಾಟುವಂತಿಲ್ಲ. ಆಲೂಗಡ್ಡೆ ಇಲ್ಲ, ಟೊಮೆಟೊ ಇಲ್ಲ, ಹಸಿಮೆಣಸಿನಕಾಯಿ ಇಲ್ಲವೇ ಇಲ್ಲ. ಬೋಂಡ ಕಾರಿಗೆ ವಾಪಸಾಯಿತು. ಶ್ರೇಯಸ ಅದರ ಹಿಂದೆಯೇ ಹೋಗಿ ಕಾರಿನಲ್ಲಿ ಕೂತ.

"ಮೂರು ತಿಂಗಳು!" ಎಂದ ಹೆಂಡತಿಗೆ. "ಮೂರು ತಿಂಗಳಿಂದ ಅಮ್ಮ ಸತ್ತು ಹೋಗಿರೋ ಭಾಷೆ ಕಲೀತಿದಾರೆ. ಡಾಕ್ಟರ ಹತ್ರ ಹೋದ್ರೆ ಇದ್ರಲ್ಲಿ ಮಾತಾಡ್ತಾರಾ? ಬಸ್ಸಲ್ಲಿ?"

"ನೀವು ಮೊದ್ಲೇ ಪೂರ್ತಿ ಓದ್ಬೇಕಿತ್ತು" ಎಂದಳು ಸೌಜನ್ಯ.

ಅಷ್ಟರಲ್ಲಿ ಕೊಪ್ಪರಿಗೆಯ ಬಳಿ ಗಲಾಟೆ ಎದ್ದಿತು. ಒಲೆಯ ಮೇಲೆ ಬೇಯುತ್ತಿದ್ದದ್ದು ಬಾರ್ಲಿ ಮತ್ತು ಒಣಬಟಾಣಿಯ ಅಂಬಲಿ. ಉಪ್ಪು ಬಿಟ್ಟರೆ ಏನೂ ಇಲ್ಲ. ಕೆಂಪಮ್ಮನವರು ಸೌಟಿನಿಂದ ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡಿ, ಬಾಣಂತಿಗೂ ಇದಕ್ಕಿಂತ ರುಚಿಯಾಗಿ ಮಾಡಿಕೊಡುತ್ತೇವಲ್ಲ ಎಂದು ಮರುಗಿ, ಕೈಚೀಲದಿಂದ ಒಂದು ಪೊಟ್ಟಣ ಬಿಚ್ಚಿದರು. ಹುರಿದು ಕುಟ್ಟಿದ ಕರಿಮೆಣಸು. ಬ್ಯಾರಿ ಕನ್ನಡಕ ತೆಗೆದಿಟ್ಟಿದ್ದ. ಸ್ಯಾಕ್ಸನ್ನರಿಗೆ ಕನ್ನಡಕ ಇರಲಿಲ್ಲವಲ್ಲ. ಕಣ್ಣಿಗೆ ಏನೂ ಕಾಣದಿದ್ದರೂ ಮೂಗಿಗೆ ತಿಳಿಯಿತು.

"ಏನದು? ಮೆಣಸೇ? ಒಂದೇ ಚಿಟಿಕೆ! ಆ ಕಾಲದಲ್ಲಿ ಅದು ರಾಜರಿಗೆ ಮಾತ್ರ ಸಿಗ್ತಿತ್ತು!" ಎಂದು ಕೂಗಿದ.

"ನೋ ಬ್ಯಾರಿ! ಯು ಲಿಸನ್!" ಕೆಂಪಮ್ಮನವರು ಸೌಟು ಎತ್ತಿ ಹಿಡಿದರು. "ಪೆಪ್ಪರ್ ಈಸ್ ನಾಟ್ ಕಿಂಗ್ಸ್. ಪೆಪ್ಪರ್ ಈಸ್ ಮೈ ಸೈಡ್! ಫ್ರಮ್ ಮೈ ಸೈಡ್ ಓನ್ಲಿ ಇಟ್ ಕೇಮ್ ಇನ್ ಶಿಪ್. ಯುವರ್ ಸ್ಯಾಕ್ಸನ್ ಪುಟ್ ಒನ್ ಪಿಂಚ್ ಬಿಕಾಸ್ ಹಿ ಹ್ಯಾಡ್ ಒನ್ ಪಿಂಚ್. ಇಫ್ ಹಿ ಹ್ಯಾಡ್ ಒನ್ ಫಿಸ್ಟ್, ಹಿ ವಿಲ್ ಪುಟ್ ಒನ್ ಫಿಸ್ಟ್! ವೈ? ಬಿಕಾಸ್ ಹಿ ಈಸ್ ನಾಟ್ ಮ್ಯಾಡ್!"

ಬ್ಯಾರಿ ಸುಮ್ಮನಾಗುವ ಪೈಕಿಯಲ್ಲ. ಪುರಾವೆ ಎಲ್ಲಿದೆ ಎಂದ. ಕಳೆದ ತಿಂಗಳು ಡೆಸ್ಮಂಡ್ ಹೇಳಿದ್ದರಲ್ಲ, ಒಬ್ಬ ಸನ್ಯಾಸಿ ಸಾಯುವ ಮುಂಚೆ ತನ್ನ ಪೆಟ್ಟಿಗೆಯಲ್ಲಿದ್ದ ಮೆಣಸನ್ನು ಜೊತೆಯವರಿಗೆ ಹಂಚಿದ ಎಂದು, ನೀನು ನಿದ್ದೆ ಮಾಡುತ್ತಿದ್ದೆಯಾ ಎಂದರು ಕೆಂಪಮ್ಮನವರು. ಅವನು ಹಂಚಿದ್ದು ನಿಜ, ಆದರೆ ಕೊಪ್ಪರಿಗೆಗೆ ಸುರಿದನೆಂದು ಎಲ್ಲಿದೆ ಎಂದ ಬ್ಯಾರಿ. ಸಾಯುವವನು ಅಡುಗೆ ಮಾಡುತ್ತಾನೆಯೇ ಎಂದರು ಅವರು. ಹತ್ತು ನಿಮಿಷ ಹೀಗೇ ನಡೆಯಿತು. ಗ್ಲೆನಿಸ್ ಒಮ್ಮೆ ಅತ್ತ, ಒಮ್ಮೆ ಇತ್ತ ನೋಡುತ್ತ ನಿಂತಳು.

ಕಾರಿನ ಬಳಿ ಸೌಜನ್ಯ ಗಂಡನ ತೋಳು ಅಲ್ಲಾಡಿಸಿದಳು. "ರೀ, ಸ್ವಲ್ಪ ಕೇಳಿಸ್ಕೊಳ್ಳಿ. ಅತ್ತೆ ಯಾವ ಭಾಷೇಲಿ ಜಗಳ ಆಡ್ತಿದಾರೆ?"

ಶ್ರೇಯಸ ಕಿವಿ ಕೊಟ್ಟ. ಅಮ್ಮ ಮಾತಾಡುತ್ತಿದ್ದದ್ದು ಸಾವಿರ ವರ್ಷ ಹಿಂದಿನ ಇಂಗ್ಲಿಷಲ್ಲ. ಕ್ಯಾನಿಂಗ್ಟನ್‌ನ ಬಸ್ಸಿನಲ್ಲಿ, ಡಾಕ್ಟರ ಹತ್ತಿರ, ಎಲ್ಲಿ ಬೇಕಾದರೂ ನಡೆಯುವ ಇಂಗ್ಲಿಷು. ವ್ಯಾಕರಣ ಅಲ್ಲಲ್ಲಿ ಕುಂಟುತ್ತಿತ್ತು. ಆದರೆ ಎದುರಿನವನು ಒಂದು ಮಾತೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಮೂರು ತಿಂಗಳ ಚಹಾದ ಬಿಡುವುಗಳಲ್ಲಿ ವಿಭಕ್ತಿಯ ಬಗ್ಗೆ, ಮೊಣಕಾಲು ನೋವಿನ ಬಗ್ಗೆ, ಗ್ಲೆನಿಸಳ ಸೊಸೆಯ ಬಗ್ಗೆ ಮಾತಾಡಿ ಮಾತಾಡಿ ಅದು ತಾನಾಗಿ ಬಂದುಬಿಟ್ಟಿತ್ತು. ಬಂದದ್ದು ಕೆಂಪಮ್ಮನವರಿಗೇ ಗೊತ್ತಿರಲಿಲ್ಲ.

ಕೊನೆಗೆ ಡೆಸ್ಮಂಡ್ ಎಲ್ಲರನ್ನೂ ಸುತ್ತ ನಿಲ್ಲಿಸಿ ಸ್ಯಾಕ್ಸನ್ನರ ಪದ್ಧತಿಯಂತೆ ಪಂಚಾಯ್ತಿ ನಡೆಸಿದರು. ಕೈಯೆತ್ತಿದವರಲ್ಲಿ ಮೆಣಸಿನ ಪರವಾದವರೇ ಹೆಚ್ಚು. ಪೊಟ್ಟಣ ಪೂರ್ತಿ ಕೊಪ್ಪರಿಗೆಗೆ ಬಿತ್ತು. ಊಟ ಶುರುವಾದ ಎರಡು ನಿಮಿಷಕ್ಕೆ ಎಲ್ಲರ ಕಣ್ಣಲ್ಲೂ ನೀರು. ಜೇನಿನ ಮದ್ಯದ ಹೂಜಿಗಳು ಒಂದಾದ ಮೇಲೊಂದು ಖಾಲಿಯಾದವು. ಬ್ಯಾರಿ ಮೂಗು ಒರೆಸಿಕೊಳ್ಳುತ್ತ ಮೂರನೇ ಬಟ್ಟಲಿಗೆ ಕೈ ಚಾಚಿದ. ಶ್ರೇಯಸ ಮೆಲ್ಲಗೆ ಬಂದು ಅಮ್ಮನ ಪಕ್ಕ ಹುಲ್ಲಿನ ಮೇಲೆ ಕೂತು ತಾನೂ ಒಂದು ಬಟ್ಟಲು ಅಂಬಲಿ ತೆಗೆದುಕೊಂಡ.

ಊಟವಾದ ಮೇಲೆ ಒಗಟಿನ ಸರದಿ. ಸ್ಯಾಕ್ಸನ್ನರು ಒಗಟಿಗೆ ಪ್ರಾಣ ಬಿಡುವ ಜನ. ಗೆದ್ದವರಿಗೆ ಒಂದು ಭರಣಿ ಜೇನುತುಪ್ಪ. ಕೆಂಪಮ್ಮನವರು ತಮ್ಮ ಒಗಟನ್ನು ಹಳೆಯ ಇಂಗ್ಲಿಷಿನಲ್ಲೇ ಕಟ್ಟಿಕೊಂಡು ಬಂದಿದ್ದರು. ಎದ್ದು ನಿಂತು ಹೇಳಿದರು. ಡೆಸ್ಮಂಡ್ ಅದನ್ನು ಇಂದಿನ ಇಂಗ್ಲಿಷಿಗೆ ತಿರುಗಿಸಿದರು: ನನ್ನ ಮೈ ದುಂಡಗೆ, ಬಣ್ಣ ಮಣ್ಣಿನದು. ನನಗೆ ಹಲ್ಲಿಲ್ಲ. ಹಲ್ಲಿದ್ದವರೂ ನನ್ನನ್ನು ಅಗಿಯುವುದಿಲ್ಲ. ಬೆಳಿಗ್ಗೆ ನುಂಗಿದವನು ಸಂಜೆಯವರೆಗೆ ದುಡಿಯುತ್ತಾನೆ. ನಾನು ಯಾರು?

"ಸೂರ್ಯ" ಎಂದ ಒಬ್ಬ. "ಮೊಟ್ಟೆ" ಎಂದಳು ಗ್ಲೆನಿಸ್. ಬ್ಯಾರಿ ಬಹಳ ಯೋಚಿಸಿ "ಮಾತ್ರೆ" ಎಂದ. ಆ ಕಾಲದಲ್ಲಿ ಮಾತ್ರೆ ಇರಲಿಲ್ಲ ಎಂದು ನಾಲ್ಕು ಜನ ಅವನ ಮೇಲೆ ಬಿದ್ದರು.

ಗುಂಪಿನ ಹಿಂದೆ, ಅಪ್ಪನ ಜಾಕೆಟ್ಟಿನೊಳಗೆ ಅರ್ಧ ಅಡಗಿ ಕೂತಿದ್ದ ಪ್ರೇರಣಾ ಚಂಗನೆ ಎದ್ದಳು. "ಮುದ್ದೆ! ಅಜ್ಜಿ, ಮುದ್ದೆ ಕಣಜ್ಜಿ!"

ಎಲ್ಲರೂ ಅವಳತ್ತ ತಿರುಗಿದರು. ಅವಳಿಗೆ ಇನ್ನು ಕೂರಲಾಗಲಿಲ್ಲ. ನಡುವೆ ಬಂದು, ಗ್ಲೆನಿಸಳ ಹತ್ತಿರ ಉಳಿದಿದ್ದ ರೊಟ್ಟಿ ಹಿಟ್ಟಿನ ಉಂಡೆಯೊಂದನ್ನು ಕೈಗೆತ್ತಿಕೊಂಡು, ಮುದ್ದೆ ಎಂದರೇನು, ಅದನ್ನು ಹೇಗೆ ಮುರಿಯಬೇಕು, ಹೇಗೆ ಸಾರಿನಲ್ಲಿ ಹೊರಳಿಸಬೇಕು, ಏಕೆ ಅಗಿಯಬಾರದು ಎಂದು ಮೂವತ್ತು ಸ್ಯಾಕ್ಸನ್ನರಿಗೆ ಇಂಗ್ಲಿಷಿನಲ್ಲಿ ಪಾಠ ಮಾಡಿದಳು. "ಮೈ ಅಜ್ಜಿ ಕ್ಯಾನ್ ಸ್ವಾಲೋ ಟೂ," ಎಂದು ಮುಗಿಸಿದಳು, "ಅಂಡ್ ಶಿ ಸ್ಪೀಕ್ಸ್ ಥ್ರೀ ಲ್ಯಾಂಗ್ವೇಜಸ್." ಕೆಂಪಮ್ಮನವರು ಪಿನ್ನು ಸರಿಪಡಿಸಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿಕೊಂಡರು.

ರಾಗಿ ಸ್ಯಾಕ್ಸನ್ನರ ಇಂಗ್ಲೆಂಡಿನಲ್ಲಿ ಇರಲಿಲ್ಲ, ಆದ್ದರಿಂದ ಒಗಟು ಊರ್ಜಿತವಲ್ಲ ಎಂದು ಬ್ಯಾರಿ ತಕರಾರು ತೆಗೆದ. ಈ ಸಲ ಪಂಚಾಯ್ತಿಯೇ ಅವನನ್ನು ಕೂರಿಸಿತು. ಅಜ್ಜಿಯ ಒಗಟನ್ನು ಮೊಮ್ಮಗಳು ಬಿಡಿಸಿದ್ದರಿಂದ ಜೇನಿನ ಭರಣಿ ಯಾರಿಗೆ ಸೇರಬೇಕೆಂದು ಮತ್ತೊಂದು ಚರ್ಚೆ ಹತ್ತಿತು. ಅದು ಮುಗಿಯುವ ಮೊದಲೇ ಪ್ರೇರಣಾ ಅರ್ಧ ಭರಣಿ ನೆಕ್ಕಿದ್ದಳು.

ವಾಪಸು ಬರುವಾಗ ಶ್ರೇಯಸ ಕಾರನ್ನು ಹೆದ್ದಾರಿಗೆ ತಿರುಗಿಸಿದ. ಆಮೇಲೆ, "ಮೊದ್ಲೇ ಹೇಳ್ಬಹುದಿತ್ತಲ್ಲಮ್ಮ" ಎಂದ.

"ಹೇಳಿದ್ರೆ ಬಿಡಿಸ್ಬಿಡ್ತಿದ್ದೆ ನೀನು. ಮನೆಯಿಂದ ಹೊರಗೆ ಕಾಲಿಟ್ರೆ ನನ್ನ ನಾಲಿಗೆ ತಪ್ಪು ಅಂತ್ಲೇ ಎಲ್ರೂ ಹೇಳ್ತಿದ್ರು ಕಣೋ. ಅಲ್ಲಿ ಮಾತ್ರ ಸರಿ ಅಂದ್ರು. ಅದಕ್ಕೇ ಹೋಗ್ತಿದ್ದೆ."

ಶ್ರೇಯಸ ರಸ್ತೆ ನೋಡುತ್ತ ತಲೆಯಾಡಿಸಿದ. ಹಿಂದಿನ ಸೀಟಿನಲ್ಲಿ ಸೌಜನ್ಯ ಬೋಂಡದ ಡಬ್ಬ ತೆಗೆದಳು. ತಣ್ಣಗಾಗಿದ್ದವು. ನಾಲ್ಕೂ ಜನ ಸೇರಿ ಒಂದನ್ನೂ ಬಿಡಲಿಲ್ಲ.

ಜೂನ್ ಕೊನೆಯಲ್ಲಿ ಬ್ರಿಸ್ಬೇನಿನ ರನ್‌ಕಾರ್ನ್‌ನಿಂದ ಮಗಳು ಗೌರಿ ಫೋನು ಮಾಡಿದಳು. ಅವಳಿಗೆ ಎರಡು ವರ್ಷದ ಅವಳಿ ಮಕ್ಕಳು. ನೋಡಿಕೊಳ್ಳುವ ಹುಡುಗಿ ರಜ ಹಾಕಿದ್ದಳು. "ಅಮ್ಮ, ಜುಲೈಗೆ ಬಂದ್ಬಿಡು. ಟಿಕೆಟ್ ಬುಕ್ ಮಾಡ್ತೀನಿ."

"ಜುಲೈನಲ್ಲಿ ಆಗಲ್ಲ ಕಣೇ. ಅಡಿಲೇಡ್‌ಗೆ ಹೋಗ್ತಿದೀನಿ. ಅಲ್ಲಿಯ ಗುಂಪಿನವರು ಕರೆದಿದಾರೆ, ಎರಡು ದಿನ ಉಚ್ಚಾರಣೆ ಪಾಠ ಮಾಡ್ಬೇಕು."

"ಯಾರಿಗೆ ಪಾಠ? ಕನ್ನಡದೋರಿಗಾ?"

"ಅಲ್ಲ, ಇಂಗ್ಲಿಷಿನೋರಿಗೆ. ಇಂಗ್ಲಿಷು."

ಆ ಕಡೆಯಿಂದ ಗೌರಿ, "ಅಣ್ಣನಿಗೆ ಫೋನ್ ಕೊಡು" ಎಂದಳು. ಅಣ್ಣ ಕೆಲಸಕ್ಕೆ ಹೋಗಿದ್ದ. ಹೊರಗೆ ಗ್ಲೆನಿಸಳ ಕಾರು ಹಾರ್ನ್ ಮಾಡಿತು. ಅಡಿಲೇಡಿನ ಚಳಿಗೆ ಉಣ್ಣೆಯ ನಿಲುವಂಗಿ ಹೊಲಿಸಲು ಇಬ್ಬರೂ ಬಟ್ಟೆ ತರಬೇಕಿತ್ತು. "ಆಗಸ್ಟಿಗೆ ನೋಡೋಣ, ಈಗ ಇಡ್ತೀನಿ" ಎಂದು ಕೆಂಪಮ್ಮನವರು ಚಪ್ಪಲಿ ಮೆಟ್ಟಿಕೊಂಡರು.